ನಲಿಕಲಿ ಕೋಣೆಯ ಹೆಂಚು ಕೈಯಾಡಿಸಿದ ಬೇಸಿಗೆ

ಮಳೆ ಬಂದರೆ ನಮ್ಮ ಶಾಲೆಯ ನಲಿಕಲಿ ಕೋಣೆ ಹನ್ನೊಂದು ಕಡೆ ಸೋರುತ್ತಿತ್ತು. ಹನ್ನೊಂದು ಅನ್ನುವುದು ಅಂದಾಜಿನ ಮಾತಲ್ಲ. 2024ರ ಜುಲೈನಲ್ಲಿ ಒಂದು ಸಂಜೆ ಮಗಳನ್ನು ಕರೆದುಕೊಂಡು ಬರಲು ಹೋದಾಗ ನಾನೇ ನಿಂತು ಎಣಿಸಿದೆ. ಒಂದೊಂದು ಹನಿಯ ಕೆಳಗೂ ಒಂದು ಪಾತ್ರೆ. ಬಿಸಿಯೂಟದ ಅಕ್ಕ ಅಡುಗೆಮನೆಯ ಬಕೆಟ್ಟು, ತಪ್ಪಲೆ, ಸಾರಿನ ಪಾತ್ರೆಯ ಮುಚ್ಚಳ ಎಲ್ಲ ತಂದಿಟ್ಟಿದ್ದರು. ನಡುವೆ ಉಳಿದ ಒಣ ಜಾಗದಲ್ಲಿ ಮಕ್ಕಳು ಒತ್ತಿಕೊಂಡು ಕೂತಿದ್ದರು.

ನಲಿಕಲಿ ಅಂದರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಮಾಡಿಕೊಂಡು ನೆಲದ ಮೇಲೆ ಕೂತು ಕಲಿಯುವುದು. ಅಲ್ಲಿ ನೆಲ, ಗೋಡೆ, ತಲೆಯ ಮೇಲಿನ ಚಪ್ಪರ ಎಲ್ಲವೂ ಪಾಠಕ್ಕೇ ಇರುವುದು. ಮಕ್ಕಳು ಬರೆದ ಹಾಳೆ, ಬಣ್ಣ ಹಚ್ಚಿದ ಚಿತ್ರಗಳನ್ನು ದಾರಕ್ಕೆ ಸಿಕ್ಕಿಸಿ ಆ ಚಪ್ಪರಕ್ಕೆ ತೂಗುಹಾಕುತ್ತಾರೆ. ಅವತ್ತು ಚಪ್ಪರದ ಅರ್ಧ ಹಾಳೆಗಳು ನೆನೆದು ಜೋತುಬಿದ್ದಿದ್ದವು. ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಅದರಲ್ಲಿ ಒಂದನ್ನು ತೋರಿಸಿ, 'ಅಪ್ಪಾ, ನನ್ನ ನವಿಲು ಕರಗೋಯ್ತು' ಅಂದಳು. ಅವಳು ಅಳಲಿಲ್ಲ. ಮಳೆ ಬಂದರೆ ಹೀಗೇ ಆಗುವುದು ಅಂದುಕೊಂಡಿದ್ದಳು. ಅದೇ ನನ್ನ ಮನಸ್ಸಿಗೆ ನಾಟಿದ್ದು.

ನಾನು ಸಕಲೇಶಪುರದಲ್ಲಿ ಪ್ಲಂಬಿಂಗ್ ಮತ್ತು ಪಂಪ್‌ಸೆಟ್ ರಿಪೇರಿ ಮಾಡುವವನು. ಶಾಲೆ ಪೇಟೆಯ ಅಂಚಿನಲ್ಲಿದೆ. 64 ಮಕ್ಕಳು. ತೋಟದ ಕೆಲಸದವರ, ಆಟೋದವರ, ಸಣ್ಣ ಅಂಗಡಿಯವರ ಮಕ್ಕಳು. 2025ರ ಬೇಸಿಗೆ ರಜೆಯಲ್ಲಿ ನಾವು ಪೋಷಕರು ಸೇರಿ ಆ ಕೋಣೆಯ ಮಾಡನ್ನು, ಅಂದರೆ ಹೆಂಚಿನ ಛಾವಣಿಯನ್ನು, ಸರಿಮಾಡಿದೆವು. ಆಗ ದಿನಚರಿಯಲ್ಲಿ ಗೀಚಿಕೊಂಡದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹೆಂಚಿನ ಶಾಲೆ ಇರುವ ಊರುಗಳು ಮಲೆನಾಡಿನಲ್ಲಿ ಇನ್ನೂ ಬೇಕಾದಷ್ಟಿವೆ. ಯಾರಿಗಾದರೂ ಉಪಯೋಗಕ್ಕೆ ಬರಲಿ.

ಮಾರ್ಚ್: ಏಣಿಗಿಂತ ಮೊದಲು ಸಭೆ

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಹುಟ್ಟಿದ್ದು 2001ರ ಸರ್ಕಾರಿ ಆದೇಶದಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಇಂಥ ಸಮಿತಿಗೆ ಕಾನೂನಿನ ಬಲವೂ ಸಿಕ್ಕಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಶಾಲೆಗೆ ಏನು ಬೇಕು ಅನ್ನುವ ಯೋಜನೆಯನ್ನು ಆ ಸಮಿತಿಯೇ ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. ಆದರೆ ನಾವು ಸಭೆಗೆ ಹೋಗುತ್ತಿದ್ದದ್ದು ಸಹಿ ಹಾಕಲು. ಟೀ ಕುಡಿದು ಎದ್ದು ಬರುತ್ತಿದ್ದೆವು.

ಆ ಮಾರ್ಚ್ ಸಭೆಯಲ್ಲಿ ಹಾಗಾಗಲಿಲ್ಲ. ತೋಟಕ್ಕೆ ಹೋಗುವ ಒಬ್ಬ ತಾಯಿ ಅದುವರೆಗೆ ಸಭೆಯಲ್ಲಿ ಬಾಯಿ ಬಿಟ್ಟವರಲ್ಲ. ಅವತ್ತು ಎದ್ದು ನಿಂತು, 'ಮೇಡಂ, ಮಳೆಗಾಲದಲ್ಲಿ ನಮ್ಮ ಹುಡುಗ ದಿನಾ ಒದ್ದೆ ಚಡ್ಡೀಲೇ ಮನೆಗೆ ಬರ್ತಾನೆ. ಒಣಗಿಸೋಕೆ ಒಲೆ ಮುಂದೆ ಜಾಗ ಇಲ್ಲ. ಇದ್ದಿದ್ದು ಎರಡೇ ಜೊತೆ' ಅಂದರು. ಅದಾದ ಮೇಲೆ ಒಬ್ಬೊಬ್ಬರೇ ಮಾತಾಡಿದರು. ಕೆಮ್ಮು, ಜ್ವರ, ಒದ್ದೆ ಪುಸ್ತಕ. ಹೆಡ್ ಮೇಡಂ ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು.

ರಿಪೇರಿಗೆ ಅರ್ಜಿ ಕೊಟ್ಟು ವರ್ಷದ ಮೇಲಾಗಿತ್ತು. ವಿಚಾರಿಸಿದರೆ ಪಟ್ಟಿಯಲ್ಲಿದೆ ಅನ್ನುವ ಉತ್ತರ. ಸಭೆಯಲ್ಲಿ ಒಬ್ಬರು, 'ಸರ್ಕಾರಿ ಶಾಲೆ ತಾನೆ, ಸರ್ಕಾರವೇ ಮಾಡಲಿ, ನಾವ್ಯಾಕೆ ಕೈಯಿಂದ ಹಾಕೋದು' ಅಂದರು. ಆ ಮಾತಿನಲ್ಲಿ ತಪ್ಪಿಲ್ಲ. ಕಟ್ಟಡ ಸರಿ ಇಡುವುದು ಸರ್ಕಾರದ ಹೊಣೆ, ಅದನ್ನು ನಾವು ಬಿಟ್ಟುಕೊಡಬಾರದು. ಹಾಗಾಗಿ ಎರಡು ಠರಾವು ಮಾಡಿದೆವು. ಪೂರ್ತಿ ರಿಪೇರಿಯ ಅರ್ಜಿಯನ್ನು ಬಿಡದೆ ಮತ್ತೆ ಕೊಡುವುದು. ಈ ಮಳೆಗಾಲಕ್ಕೆ ಮುಂಚೆ ಹೆಂಚು, ಹೆಂಚು ಕೂರುವ ಮರದ ಅಡ್ಡಪಟ್ಟಿ ಅಂದರೆ ರೀಪು, ನೀರಿನ ದೋಣಿ, ಇಷ್ಟನ್ನು ಮಾತ್ರ ನಾವು ಮಾಡುವುದು. ಗೋಡೆಗೂ ತೊಲೆಗೂ ಕೈ ಹಾಕುವುದಿಲ್ಲ ಅಂತ ಸ್ಪಷ್ಟವಾಗಿ ಬರೆದು ಇಲಾಖೆಯ ಒಪ್ಪಿಗೆ ಕೇಳಿದೆವು. ಒಬ್ಬ ಎಂಜಿನಿಯರ್ ಬಂದು ತೊಲೆ ಗಟ್ಟಿ ಇದೆ ಅಂತ ನೋಡಿ ಹೋದರು. ಒಪ್ಪಿಗೆ ಕಾಗದದಲ್ಲೇ ಬಂತು. ಈ ಕಾಗದ ಇಲ್ಲದೆ ಯಾರೂ ಶಾಲೆಯ ಮಾಡು ಹತ್ತಬೇಡಿ. ನಾಳೆ ಏನಾದರೂ ಆದರೆ ಹೆಡ್ ಮೇಡಂ ತಲೆಗೆ ಬರುತ್ತದೆ.

ದುಡ್ಡಿನ ಮಾತು. 30ಕ್ಕಿಂತ ಜಾಸ್ತಿ, 100ರ ಒಳಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಾ ಯೋಜನೆಯ ಲೆಕ್ಕದಲ್ಲಿ ವರ್ಷಕ್ಕೆ 25,000 ರೂಪಾಯಿ ಅನುದಾನ. ಅದರಲ್ಲಿ ಕನಿಷ್ಠ ನೂರಕ್ಕೆ ಹತ್ತು ಸ್ವಚ್ಛತೆಗೇ ಹೋಗಬೇಕು. ಉಳಿದದ್ದರಲ್ಲಿ ವರ್ಷದ ಸಾಮಾನು, ಸಣ್ಣಪುಟ್ಟ ಖರ್ಚು. ಮಾಡಿಗೆ ಅಂತ ಎತ್ತಿಡಲು ಸಾಧ್ಯವಾದದ್ದು 6,000. ಉಳಿದದ್ದನ್ನು ಹುಡುಕಬೇಕಿತ್ತು. ಯಾರ ಕೈಯಿಂದಲೂ ನಗದು ತೆಗೆದುಕೊಳ್ಳುವುದು ಬೇಡ, ಕೊಡುವವರು ಎಸ್‌ಡಿಎಂಸಿಯ ಜಂಟಿ ಖಾತೆಗೇ ಹಾಕಲಿ ಅಂತ ತೀರ್ಮಾನವಾಯಿತು. ಖರ್ಚಿನ ಲೆಕ್ಕ ಹೊರಜಗುಲಿಯ ಕರಿಹಲಗೆಯ ಮೇಲೆ. ದಾರಿಯಲ್ಲಿ ಹೋಗುವವರೂ ಓದುವ ಹಾಗೆ ದೊಡ್ಡದಾಗಿ.

ಏಪ್ರಿಲ್ 11: ಎಲ್ಲಿಂದ ಸೋರುತ್ತದೆ

ರಜೆಯ ಮೊದಲ ದಿನ. ಬಡಗಿ ಆಚಾರ್ರು, ನಾನು, ಇನ್ನಿಬ್ಬರು ಪೋಷಕರು.

ಕೋಣೆ 20 ಅಡಿಗೆ 25 ಅಡಿ. ಎರಡು ಇಳಿಜಾರಿನ ಮಾಡು. ಒಂದು ಬದಿಗೆ 13 ಸಾಲು, ಸಾಲಿಗೆ 40 ಹೆಂಚು. ಎರಡೂ ಬದಿ ಸೇರಿ 1,040. ಹೆಂಚೊಂದಕ್ಕೆ ಎರಡೂವರೆ ಕೆಜಿ ಹಿಡಿದರೂ 2,600 ಕೆಜಿ ಆಯಿತು. ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. ಅಷ್ಟು ಭಾರ ಮಕ್ಕಳ ತಲೆಯ ಮೇಲೆ ಇರುತ್ತದೆ ಅನ್ನುವುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಸೋರುವ ಜಾಗ ಹುಡುಕುವುದು ಹೀಗೆ. ಮಟಮಟ ಮಧ್ಯಾಹ್ನ ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಒಳಗೆ ಐದು ನಿಮಿಷ ನಿಲ್ಲಬೇಕು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಮಾಡಿನಲ್ಲಿ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಒಂದೊಂದಕ್ಕೂ ಹತ್ತಿರದ ರೀಪಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು ಹಾಕಿದೆವು. ಆಮೇಲೆ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು ನೋಡಿದೆವು. ಕೆಳಗಿನ ಸಾಲಿನಿಂದ ಶುರುಮಾಡಿ ಮೇಲೆ ಹೋಗಬೇಕು. ಮೊದಲೇ ಮೇಲಿಂದ ಬಿಟ್ಟರೆ ನೀರು ಎಲ್ಲಿ ಒಳಗೆ ಹೋಯಿತು ಅಂತ ತಿಳಿಯುವುದೇ ಇಲ್ಲ. ನೀರು ಹನಿಯುವ ಜಾಗ ಒಂದು, ಒಳಗೆ ನುಗ್ಗುವ ಜಾಗ ಇನ್ನೊಂದು. ರೀಪು, ಅದರ ಕೆಳಗೆ ಇಳಿಜಾರಾಗಿ ಇರುವ ಪಕಾಸಿ ಹಿಡಿದು ಮೂರು ನಾಲ್ಕು ಅಡಿ ಹರಿದು ಬಂದು ಬೀಳುತ್ತದೆ.

ಬೆಳಕು ಕಂಡದ್ದು ನಾಲ್ಕೇ ಕಡೆ. ಉಳಿದ ಏಳು ಕಡೆ ಹೆಂಚು ನೋಡಲು ಚೆನ್ನಾಗೇ ಇತ್ತು. ಆಚಾರ್ರು ಒಂದು ಹೆಂಚು ಎತ್ತಿ ತೋರಿಸಿದರು. ಹೆಂಚಿನ ಅಂಚಿನಲ್ಲಿ ನೀರು ಹರಿಯಲು ಸಣ್ಣ ಗೀರುಗಾಲುವೆ ಇರುತ್ತದೆ, ಒಂದರ ಅಂಚು ಇನ್ನೊಂದರ ಮೇಲೆ ಕೂರುವ ಕಡೆ. ಅದರ ತುಂಬ ಸಿಲ್ವರ್ ಓಕ್ ಮರದ ಎಲೆಯ ಪುಡಿ, ಪಾಚಿ, ಮಣ್ಣು. ನೀರು ಅಲ್ಲಿ ಕಟ್ಟಿಕೊಂಡು ಹಿಂದಕ್ಕೆ ಉಕ್ಕಿ ಒಳಗೆ ಇಳಿಯುತ್ತಿತ್ತು. ಶಾಲೆಯ ಬೇಲಿಯಾಚೆಯ ತೋಟದ ಮರದ ಕೊಂಬೆಗಳು ಮಾಡಿನ ಮೇಲೇ ಚಾಚಿದ್ದವು. ಆ ಕೊಂಬೆ ಹಿಡಿದು ಮಂಗಗಳೂ ಬರುತ್ತಿದ್ದವು.

ಇನ್ನೊಂದು ಕಾರಣ ಹಳೆಯ ತೇಪೆ. ಹಿಂದೆ ಯಾವಾಗಲೋ ಒಡೆದ ಹೆಂಚಿನ ಮೇಲೆ ಸಿಮೆಂಟು ಮೆತ್ತಿದ್ದರು. ಹೆಂಚು ಬಿಸಿಲಿಗೆ ಹಿಗ್ಗುತ್ತದೆ, ಮಳೆಗೆ ಕುಗ್ಗುತ್ತದೆ. ಗಡುಸಾದ ಸಿಮೆಂಟು ಅದರ ಜೊತೆ ಹೊಂದುವುದಿಲ್ಲ, ಬಿರುಕು ಬಿಡುತ್ತದೆ. ಒಂದು ಹೆಂಚು ತೆಗೆಯಲು ಹೋದರೆ ಅಂಟಿಕೊಂಡ ನಾಲ್ಕು ಒಡೆಯುತ್ತವೆ. ದಯವಿಟ್ಟು ಹೆಂಚಿಗೆ ಸಿಮೆಂಟು ಮೆತ್ತಬೇಡಿ. ಒಡೆದದ್ದನ್ನು ಎಳೆದು ಬೇರೆ ಹೆಂಚು ತೂರಿಸುವುದು ಹತ್ತು ನಿಮಿಷದ ಕೆಲಸ.

ನಾವು ಏಣಿ ಇಳಿಯುವ ಹೊತ್ತಿಗೆ ಪಕ್ಕದ ಮನೆಯ ಅಜ್ಜ ಬಂದು ಜಗುಲಿಯಲ್ಲಿ ಕೂತಿದ್ದರು. ಇದೇ ಶಾಲೆಯಲ್ಲಿ ಓದಿದವರು. 'ನಾವು ಓದೋವಾಗ ಯುಗಾದಿ ಕಳೆದ ಮೇಲೆ ಒಂದಿನ ಊರವರೇ ಸೇರಿ ಹೆಂಚು ಕೈಯಾಡಿಸ್ತಿದ್ರು. ಎಲ್ಲಾ ಇಳಿಸೋದು, ಗುಡಿಸೋದು, ಮತ್ತೆ ಏರಿಸೋದು. ಮೇಷ್ಟ್ರು ಮನೇಲಿ ಊಟ' ಅಂದರು. ಅದು ಯಾವಾಗ ನಿಂತಿತು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. 'ನಿಂತಿದ್ದು ಯಾರಿಗೂ ಗೊತ್ತೇ ಆಗ್ಲಿಲ್ಲ' ಅಂದರು.

ಅವತ್ತು ಬರೆದುಕೊಂಡ ಎಲ್ಲದಕ್ಕಿಂತ ಈ ಮಾತು ದೊಡ್ಡದು ಅಂತ ನನಗೆ ಅನ್ನಿಸಿತು. ಮಾಡು ಹಾಳಾದದ್ದು ಒಂದು ಮಳೆಗಾಲದಲ್ಲಿ ಅಲ್ಲ. ವರ್ಷಕ್ಕೊಮ್ಮೆ ಗುಡಿಸುವ ಕೆಲಸ ಯಾರದ್ದೂ ಅಲ್ಲದೆ ಹೋದದ್ದರಿಂದ.

ಏಪ್ರಿಲ್ 13 ಮತ್ತು 14: ಇಳಿಸಿದ್ದು

ಭಾನುವಾರ ಬೆಳಗ್ಗೆ ಏಳಕ್ಕೆ 23 ಜನ ಬಂದಿದ್ದರು. ಹತ್ತು ಜನ ಬಂದರೆ ಸಾಕು ಅಂದುಕೊಂಡಿದ್ದೆ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿದೆವು. ಇಂಥ ಹಳೆಯ ಕೋಣೆಗಳಲ್ಲಿ ವೈರು ಪಕಾಸಿಯ ಮೇಲೇ ಓಡಿರುತ್ತದೆ. ನಮ್ಮಲ್ಲಿ ಒಂದು ಕಡೆ ಇಲಿ ಕಚ್ಚಿ ತಾಮ್ರ ಕಾಣುತ್ತಿತ್ತು. ಸೋರುವ ನೀರು ಅದೇ ಪಕಾಸಿಯ ಮೇಲೆ ಹರಿದ ಕಲೆ ಇತ್ತು. ಅದನ್ನು ನೋಡಿ ಎಲ್ಲರೂ ಒಂದು ಕ್ಷಣ ಸುಮ್ಮನಾದರು.

ಒಳಗಿನ ಚಪ್ಪರ, ಕಾರ್ಡು, ತಟ್ಟೆಗಳನ್ನು ಹೆಂಗಸರು ಬಿಚ್ಚಿ ಪಕ್ಕದ ಕೋಣೆಗೆ ಸಾಗಿಸಿದರು. ಒಂದರ ಜೊತೆ ಇನ್ನೊಂದು ಬೆರೆಯದ ಹಾಗೆ, ಯಾವ ದಾರ ಯಾವ ಗೋಡೆಯದ್ದು ಅಂತ ಚೀಟಿ ಕಟ್ಟಿ. ಆಮೇಲೆ ನೆತ್ತಿಯ ಹೆಂಚಿನಿಂದ ಶುರುಮಾಡಿ ಮೇಲಿನಿಂದ ಕೆಳಕ್ಕೆ ಇಳಿಸಿದೆವು. ಎರಡೂ ಇಳಿಜಾರನ್ನು ಸರಿಸಮ ಬಿಚ್ಚುತ್ತಾ ಬರಬೇಕು. ಒಂದು ಬದಿ ಪೂರ್ತಿ ಖಾಲಿ ಮಾಡಿದರೆ ಭಾರ ಒಂದೇ ಕಡೆ ಬಿದ್ದು ತೊಲೆ ವಾಲುತ್ತದೆ. ಕೈಯಿಂದ ಕೈಗೆ ದಾಟಿಸುವ ಸಾಲು ಕಟ್ಟಿದೆವು. ಮಕ್ಕಳನ್ನು ಗೇಟಿನ ಒಳಗೆ ಬಿಡಲಿಲ್ಲ. ಈ ವಿಷಯದಲ್ಲಿ ಎಷ್ಟೇ ಬೇಡಿದರೂ ಕರಗಬಾರದು. ಹೆಂಚಿನ ಕೆಳಗಿಂದ ಮೂರು ಚೇಳು ಸಿಕ್ಕವು.

ಇಳಿಸಿದ ಹೆಂಚನ್ನು ತೆಂಗಿನ ಬ್ರಷ್ಷಿನಲ್ಲಿ ಉಜ್ಜಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಠಣ್ ಅಂದರೆ ಒಳ್ಳೆಯದು. ಥಪ್ ಅಂದರೆ ಕಣ್ಣಿಗೆ ಕಾಣದ ಬಿರುಕಿದೆ. ಅಮ್ಮಂದಿರು ಮರದ ನೆರಳಲ್ಲಿ ಕೂತು ಇದನ್ನೇ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ತಟ್ಟಿ ನೋಡದೆ, ಎತ್ತುವಾಗಲೇ ಹೇಳುವಷ್ಟು ಪಳಗಿದ್ದರು. 828 ಒಳ್ಳೆಯದು, 212 ಕೆಟ್ಟದ್ದು.

ಹೆಂಚಿನ ಬೆನ್ನ ಮೇಲೆ ಕಾರ್ಖಾನೆಯ ಮುದ್ರೆ ಇರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅದನ್ನು ನೋಡಿ ಎಷ್ಟೋ ಕಾರ್ಖಾನೆಗಳು ಬಂದವು. ಒಂದೊಂದಕ್ಕೂ ಒಂದೊಂದು ಗುರುತು. ನಮ್ಮ ಶಾಲೆಯ ಎಲ್ಲ ಹೆಂಚೂ ಒಂದೇ ಮುದ್ರೆಯದ್ದು. ಆಗ ಇದಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ಮುಂದಿನ ವಾರ ಗೊತ್ತಾಯಿತು.

ಮರುದಿನ ಅಂಬೇಡ್ಕರ್ ಜಯಂತಿ. ಬೆಳಗ್ಗೆ ಶಾಲೆಯಲ್ಲಿ ಪೂಜೆ, ಭಾಷಣ. ಬಂದವರೆಲ್ಲ ತಲೆಯೆತ್ತಿ ನೋಡಿದರೆ ಮಾಡು ಇಲ್ಲದ ಕೋಣೆ, ಬರೀ ಅಸ್ಥಿಪಂಜರ. ಹಳೆಯ ವಿದ್ಯಾರ್ಥಿಗಳು ಐದಾರು ಜನ ಅಲ್ಲೇ ನಿಂತು ಮಾತಾಡಿಕೊಂಡರು. ಎರಡು ದಿನದಲ್ಲಿ ಖಾತೆಗೆ 15,000 ಬಂತು.

ಏಪ್ರಿಲ್ 16ರಿಂದ 19: ರೀಪು ಮತ್ತು ಪಕಾಸಿ

ಇದು ಆಚಾರ್ರ ಕೆಲಸ. ನಾವು ಹಿಡಿದುಕೊಟ್ಟವರು ಅಷ್ಟೇ.

ಒಟ್ಟು 750 ಅಡಿ ರೀಪಿನಲ್ಲಿ 260 ಅಡಿ ಗೆದ್ದಲು ತಿಂದು ಹಾಳಾಗಿತ್ತು. ಪಕ್ಕದ ತೋಟದವರು ಹಿಂದಿನ ವರ್ಷ ಕಡಿದು ನೆರಳಲ್ಲಿ ಒಣಗಿಸಿಟ್ಟ ಸಿಲ್ವರ್ ಓಕ್ ದಿಮ್ಮಿ ಕೊಟ್ಟರು. ಸಾಮಿಲ್ಲಿನ ಕೂಲಿ ಮಾತ್ರ ನಮ್ಮದು, 1,900. ಹಸಿ ಮರದ ರೀಪು ಹಾಕಿದರೆ ಆರು ತಿಂಗಳಲ್ಲಿ ಬಾಗಿ ಹೆಂಚಿನ ಸಾಲೆಲ್ಲ ಅಲೆಯಾಗುತ್ತದೆ. ಸಿಲ್ವರ್ ಓಕ್‌ಗೆ ಹುಳು ಬೇಗ ಬೀಳುತ್ತದೆ. ಅದಕ್ಕೆ ಎರಡು ಕೈ ಗೇರೆಣ್ಣೆ ಹಚ್ಚಿದೆವು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪೆಣ್ಣೆ ಚರ್ಮ ಸುಡುತ್ತದೆ. ಒಬ್ಬರು ಗ್ಲೌಸ್ ಇಲ್ಲದೆ ಹಚ್ಚಿ ವಾರವಿಡೀ ಕೈ ಬೊಬ್ಬೆ ಎದ್ದು ಒದ್ದಾಡಿದರು. ತಪ್ಪದೆ ಗ್ಲೌಸ್ ಹಾಕಿ.

ಐದು ಪಕಾಸಿಗಳ ಸೂರಿನ ತುದಿ ಕೊಳೆತಿತ್ತು. ಪೂರ್ತಿ ಬದಲಾಯಿಸಲಿಲ್ಲ. ಕೊಳೆತದ್ದನ್ನು ಕೊಯ್ದು, ಪಕ್ಕದಲ್ಲಿ ನಾಲ್ಕಡಿ ಉದ್ದದ ಹಲಸಿನ ತುಂಡು ಜೋಡಿಸಿ ಬೋಲ್ಟ್ ಹಾಕಿದರು.

ರೀಪಿನ ಅಂತರ ಇಂಚುಪಟ್ಟಿಯಲ್ಲಿ ಅಳೆಯುವುದಲ್ಲ, ಹೆಂಚಿನಲ್ಲೇ ಅಳೆಯುವುದು. ನೆಲದ ಮೇಲೆ ಹತ್ತು ಹೆಂಚನ್ನು ಒಂದಕ್ಕೊಂದು ಸಿಕ್ಕಿಸಿ ಉದ್ದಕ್ಕೆ ಜೋಡಿಸಬೇಕು. ಎಳೆದು ಬಿಗಿಮಾಡಿದಾಗ 128 ಇಂಚು ಬಂತು. ಒತ್ತಿ ಕೂಡಿಸಿದಾಗ 122. ಎರಡರ ನಡುವೆ 125. ಅಂದರೆ ರೀಪಿನಿಂದ ರೀಪಿಗೆ ಹನ್ನೆರಡೂವರೆ ಇಂಚು. ಆಚಾರ್ರು ಒಂದು ಕೋಲು ಆ ಅಳತೆಗೆ ಕತ್ತರಿಸಿಕೊಂಡು ಅದನ್ನೇ ಇಟ್ಟು ಮೊಳೆ ಹೊಡೆಯುತ್ತಾ ಹೋದರು.

ಏಪ್ರಿಲ್ 20: ತಪ್ಪಾದ ಹೆಂಚು

ಪೇಟೆಯಲ್ಲಿ ಒಂದು ಹಳೆಯ ಮನೆ ಒಡೆದಿದ್ದರು. 220 ಹೆಂಚನ್ನು 16 ರೂಪಾಯಿಯ ಲೆಕ್ಕದಲ್ಲಿ ನಾನೇ ಕೊಂಡು ತಂದೆ. ತಟ್ಟಿ ನೋಡಿದ್ದೆ, ಎಲ್ಲವೂ ಠಣ್ ಅನ್ನುತ್ತಿದ್ದವು. ಬೆನ್ನು ತಿರುಗಿಸಿ ನೋಡಿರಲಿಲ್ಲ.

ಭಾನುವಾರ ಹೆಂಚು ಏರಿಸುವಾಗ ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಒಂದೊಂದೂ ಎದ್ದು ನಿಲ್ಲುತ್ತಿತ್ತು. ಅಂಚು ಅಂಚಿನಲ್ಲಿ ಕೂರುತ್ತಿರಲಿಲ್ಲ. ಕೆಳಗಿಳಿಸಿ ಹತ್ತು ಜೋಡಿಸಿ ಅಳೆದರೆ 121 ಇಂಚು. ಬೇರೆ ಕಾರ್ಖಾನೆಯ ಅಚ್ಚು. ನೋಡಲು ಎರಡೂ ಒಂದೇ ಬಣ್ಣ, ಒಂದೇ ಆಕಾರ. ಆದರೆ ಗೀರುಗಾಲುವೆಯ ಜಾಗ ಬೇರೆ. ಹಾಗೇ ಹಾಕಿದ್ದರೆ ಮೊದಲ ಮಳೆಗೇ ಸೋರುತ್ತಿತ್ತು. 3,520 ರೂಪಾಯಿ ಊರವರ ದುಡ್ಡು. ಸಂಜೆ ಕರಿಹಲಗೆಯ ಮೇಲೆ ಆ ಖರ್ಚನ್ನು ಬರೆಯುವಾಗ 'ಅಳತೆ ಹೊಂದಲಿಲ್ಲ' ಅಂತ ನಾನೇ ಪಕ್ಕದಲ್ಲಿ ಬರೆದೆ.

ಯಾರೂ ಬೈಯಲಿಲ್ಲ. ಮಾರ್ಚ್ ಸಭೆಯಲ್ಲಿ ಮೊದಲು ಮಾತಾಡಿದ ಆ ತಾಯಿ ನಮ್ಮ ಹೆಂಚೊಂದನ್ನು ತಿರುಗಿಸಿ ಮುದ್ರೆ ನೋಡಿದರು. 'ಇದೇ ಗುರುತು ನಮ್ಮ ತೋಟದ ಹಳೇ ಲೈನ್ ಮನೆ ಹೆಂಚಿನ ಮೇಲೂ ಐತಣ್ಣ' ಅಂದರು. ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿದ ಆ ಲೈನ್ ಮನೆಗಳಲ್ಲಿ ಆಗ ಯಾರೂ ಇರಲಿಲ್ಲ, ಬೀಳಿಸುವುದಿತ್ತಂತೆ. ಮರುದಿನ ತೋಟದ ಮಾಲೀಕರನ್ನು ಕೇಳಿದೆವು. ಬೇಕಾದಷ್ಟು ಒಯ್ಯಿರಿ ಅಂದರು. ನಾವು ತಂದದ್ದು 206. ಜೊತೆಗೆ ಬೆಳಕಿಗೆ ಅಂತ ಆರು ಗಾಜಿನ ಹೆಂಚು ಕೊಂಡೆವು. ಅವೂ ನಮ್ಮ ಅಳತೆಗೆ ಕೂರುತ್ತವೆಯೋ ಇಲ್ಲವೋ ಅಂತ ಈ ಸಲ ಒಂದು ಹೆಂಚನ್ನು ಅಂಗಡಿಗೇ ಹೊತ್ತುಕೊಂಡು ಹೋಗಿ ನೋಡಿದೆ.

ಹೊಂದದ 220 ಹೆಂಚು ಹಾಳಾಗಲಿಲ್ಲ. ಬಿಸಿಯೂಟದ ಕೋಣೆಯ ಹಿಂದೆ ಪಾತ್ರೆ ತೊಳೆಯುವ ಜಾಗಕ್ಕೆ ಒಂದು ಸಣ್ಣ ಮಾಡು ಮಾಡಿದೆವು. ಆ ಅಕ್ಕ ಮಳೆಯಲ್ಲಿ ಗೊಬ್ಬರದ ಚೀಲ ತಲೆಗೆ ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದರು. ನಮ್ಮ ಯೋಜನೆಯಲ್ಲಿ ಅದು ಇರಲೇ ಇಲ್ಲ. ಇರಬೇಕಿತ್ತು.

ಏಪ್ರಿಲ್ 26ರ ರಾತ್ರಿ

ಅರ್ಧ ಮಾಡು ತೆರೆದಿತ್ತು. ಸಂಜೆ ಮೋಡ ಕಟ್ಟಿ ಗುಡುಗು ಶುರುವಾಯಿತು. ಈ ಕಡೆ ಏಪ್ರಿಲ್‌ನಲ್ಲಿ ಸಂಜೆ ಮಳೆ ಹೊಸದಲ್ಲ. ಕಾಫಿ ಹೂವಿಗೆ ಬೇಕಾದ ಮಳೆ ಅದು, ತೋಟದವರು ಕಾಯುವ ಮಳೆ. ನಾವು ಎರಡು ಟಾರ್ಪಾಲು ಮಾತ್ರ ಇಟ್ಟುಕೊಂಡಿದ್ದೆವು. ಸಾಲಲಿಲ್ಲ.

ರಾತ್ರಿ ಎಂಟಕ್ಕೆ ಒಬ್ಬರಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಪಿಕಪ್‌ನಲ್ಲಿ ಕಾಫಿ ಕಣದ ಟಾರ್ಪಾಲು ಆರು ಬಂದವು. ಕಾಫಿ ಒಣಗಿಸುವ ಕೆಲಸ ಮುಗಿದು ಸುತ್ತಿಟ್ಟಿದ್ದವು. ಸಿಡಿಲಿನ ಹೊತ್ತಿಗೆ ಮಾಡಿನ ಮೇಲೆ ಯಾರನ್ನೂ ಹತ್ತಿಸಲಿಲ್ಲ. ಕೆಳಗಿಂದಲೇ ಹಗ್ಗ ಎಸೆದು ಎಳೆದು ಕಟ್ಟಿದೆವು. ಕೋಣೆಯ ಒಂದು ಮೂಲೆ ನೆನೆಯಿತು, ಅಷ್ಟೇ. ಒಂದೂವರೆ ಗಂಟೆಯ ಕೆಲಸ. ಮುಗಿಸಿ ನೋಡಿದರೆ ಟಾರ್ಚ್ ಹಿಡಿದು ನಿಂತಿದ್ದವರಲ್ಲಿ ಮೂವರ ಮಕ್ಕಳು ನಮ್ಮ ಶಾಲೆಯವರೇ ಅಲ್ಲ. ಸುಮ್ನೆ ಸದ್ದು ಕೇಳಿ ಬಂದವರು.

ಮೇ 4 ಮತ್ತು 11

ನೆತ್ತಿಯ ಹೆಂಚು ಕೂರಿಸಿದ್ದು ಮೇ 4ಕ್ಕೆ. ಸಿಮೆಂಟು ಒಂದು, ಸುಣ್ಣ ಒಂದು, ಮರಳು ಆರು. ಸುಣ್ಣ ಇದ್ದರೆ ಗಾರೆ ಮೆತ್ತಗಿರುತ್ತದೆ, ಹೆಂಚಿನ ಜೊತೆ ಸ್ವಲ್ಪ ಹೊಂದಿಕೊಳ್ಳುತ್ತದೆ. ಹೆಂಚನ್ನು ನೀರಲ್ಲಿ ನೆನೆಸಿ ಹಾಕಬೇಕು. ಒಣ ಹೆಂಚು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಒದ್ದೆ ಗೋಣಿ ಹೊದಿಸಿ ಒಂದು ವಾರ ಬಿಟ್ಟೆವು. ಸೂರಿನ ಕೊನೆಯ ಸಾಲನ್ನು ತಂತಿಯಿಂದ ರೀಪಿಗೆ ಕಟ್ಟಿದೆವು. ಆಷಾಢದ ಗಾಳಿ ಮೊದಲು ಎತ್ತುವುದು ಆ ಸಾಲನ್ನೇ.

ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡುವವರು ಬಂದು ತೆಗೆದುಕೊಟ್ಟರು. ಅವರು ಮರದ ಮೇಲೆ ನಡೆಯುವುದನ್ನು ನೋಡಿದರೆ ನಾವು ಏಣಿಯ ಮೇಲೆ ನಡುಗುವುದು ಯಾತಕ್ಕೆ ಅನ್ನಿಸುತ್ತದೆ.

ಮೇ 11ರಂದು ನನ್ನ ಕೆಲಸ. ಎರಡೂ ಸೂರಿಗೆ ಪಿವಿಸಿ ದೋಣಿ, ಇಳಿಯುವ ಪೈಪು. ಇಷ್ಟು ದಿನ ಸೂರಿನ ನೀರು ನೇರ ಮಣ್ಣಿಗೆ ಬಿದ್ದು ಗೋಡೆಯ ಬುಡಕ್ಕೆ ಕೆಸರು ರಾಚುತ್ತಿತ್ತು. ಗೋಡೆ ಒಳಗಿನಿಂದ ತೇವ ಏರುತ್ತಿದ್ದದ್ದು ಅದರಿಂದ. ದೋಣಿಗೆ ಹತ್ತಡಿಗೆ ಅರ್ಧ ಇಂಚಿನಷ್ಟು ಇಳಿಜಾರು ಕೊಟ್ಟೆ. ಎರಡಡಿಗೊಂದು ಕ್ಲಾಂಪ್. ನಮ್ಮ ಮಳೆಗೆ ಇದಕ್ಕಿಂತ ದೂರ ಇಟ್ಟರೆ ದೋಣಿ ಜೋಲುತ್ತದೆ.

ಒಂದು ಬದಿಯ ನೀರನ್ನು ಸಾವಿರ ಲೀಟರಿನ ಡ್ರಮ್ಮಿಗೆ ತಿರುಗಿಸಿದೆ. ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ಬದಿ ಹತ್ತಿರಹತ್ತಿರ 30 ಚದರ ಮೀಟರ್. ಹತ್ತು ಮಿಲಿಮೀಟರ್ ಬಂದರೆ 300 ಲೀಟರ್. ಸಕಲೇಶಪುರದ ಮಳೆಗೆ ಹತ್ತು ಮಿಲಿಮೀಟರ್ ಯಾವ ಲೆಕ್ಕ! ಈ ನೀರು ಶೌಚಾಲಯಕ್ಕೆ ಮಾತ್ರ, ಕುಡಿಯಲು ಅಲ್ಲ. ಡ್ರಮ್ಮಿನ ಮೇಲೆ ಹಾಗಂತ ಬಣ್ಣದಲ್ಲಿ ಬರೆಸಿದೆವು.

ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಪೈಪಿನೊಳಗೆ ಹೊಸದಾಗಿ ಮಾಡಿಸಿದೆವು. 4,100. ಅದರಲ್ಲಿ ಉಳಿತಾಯ ನೋಡಲಿಲ್ಲ. ಎಲ್ಲ ಸೇರಿ 37,570 ಆಯಿತು. ಅನುದಾನದ 6,000, ಹಳೆಯ ವಿದ್ಯಾರ್ಥಿಗಳ 15,000 ಬಿಟ್ಟರೆ ಅಂಗಡಿಯವರಿಂದ 7,000, ಪೋಷಕರಿಂದ 9,570. ಪೋಷಕರ ಪಟ್ಟಿಯಲ್ಲಿ 50 ರೂಪಾಯಿ ಕೊಟ್ಟವರೂ ಇದ್ದಾರೆ. ಹಲಗೆಯ ಮೇಲೆ ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿದೆ.

ಮೇ 24ರಿಂದ 29

ಜೂನ್ ಮೊದಲ ವಾರದವರೆಗೆ ಸಮಯ ಇದೆ ಅಂದುಕೊಂಡಿದ್ದೆವು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮುಂಚೆ. ಒಂದೆರಡು ದಿನದಲ್ಲಿ ಇಲ್ಲೂ ಹಿಡಿಯಿತು. ಎಡೆಬಿಡದ ಮಳೆ.

25ರ ಭಾನುವಾರ ಕೊಡೆ ಹಿಡಿದು ಶಾಲೆಗೆ ಹೋದೆ. ಬೀಗದ ಕೈ ಹೆಡ್ ಮೇಡಂ ಕೊಟ್ಟಿದ್ದರು. ಆಚಾರ್ರು ನನಗಿಂತ ಮೊದಲೇ ಬಂದು ಜಗುಲಿಯಲ್ಲಿ ನಿಂತಿದ್ದರು. ಬಾಗಿಲು ತೆಗೆದು ಇಬ್ಬರೂ ನೆಲ ನೋಡಿದೆವು. ಒಣ ನೆಲ. ಗಾಜಿನ ಹೆಂಚಿನಿಂದ ಮಳೆಯ ಮಂಕು ಬೆಳಕು ಬೀಳುತ್ತಿತ್ತು. ಮೇಲೆ ಸದ್ದು ಜೋರಾಗಿತ್ತು. ಅರ್ಧ ಗಂಟೆ ಅಲ್ಲೇ ಕೂತಿದ್ದೆವು. ಏನೂ ಮಾತಾಡಲಿಲ್ಲ.

29ಕ್ಕೆ ಶಾಲೆ ಶುರು. ಮಧ್ಯಾಹ್ನ ಎರಡನೇ ಕ್ಲಾಸಿನ ಒಬ್ಬ ಹುಡುಗ ಹೆಡ್ ಮೇಡಂ ಕೈ ಹಿಡಿದು ಎಳೆದುಕೊಂಡು ಹೋಗಿ ನೆಲ ತೋರಿಸಿದನಂತೆ. ಪಡುವಣ ಬದಿಯ ಮೂಲೆಯಲ್ಲಿ ಮೂರು ಹನಿ. ಸುತ್ತ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದಿದ್ದ. ಗಾಳಿಗೆ ಒಂದು ಹೆಂಚು ಅರ್ಧ ಇಂಚು ಸರಿದಿತ್ತು. ಮಳೆ ಬಿಟ್ಟಾಗ ಹತ್ತಿ ಒತ್ತಿ ಕೂರಿಸಿ, ತಂತಿ ಕಟ್ಟಿ ಬಂದೆ. ಹತ್ತು ನಿಮಿಷ.

ಈಗ ಬಾಗಿಲ ಹಿಂದೆ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ಮೊದಲ ಪುಟದಲ್ಲಿ ಹೆಂಚಿನ ಮುದ್ರೆಯ ಚಿತ್ರ, ರೀಪಿನ ಅಂತರ, ಮಿಕ್ಕ ಹೆಂಚು ಎಲ್ಲಿದೆ ಅನ್ನುವುದು. ಆಚಾರ್ರು ಕತ್ತರಿಸಿದ ಹನ್ನೆರಡೂವರೆ ಇಂಚಿನ ಕೋಲೂ ಅದರ ಪಕ್ಕದಲ್ಲೇ ಇದೆ. ಎರಡನೇ ಪುಟದಲ್ಲಿ ಆ ಮೂರು ಹನಿಯ ತಾರೀಕು, ಹುಡುಗನ ಹೆಸರು. ಜೂನ್ ಸಭೆಯ ನಡಾವಳಿಯಲ್ಲಿ ಒಂದು ಸಾಲು ಸೇರಿದೆ: ಪ್ರತಿ ವರ್ಷ ಯುಗಾದಿ ಕಳೆದ ಎರಡನೇ ಭಾನುವಾರ ಮಾಡು ಗುಡಿಸಿ ಹೆಂಚು ಕೈಯಾಡಿಸುವುದು. ಮುಂದಿನ ವರ್ಷಕ್ಕೆ ಹೊಣೆ ಹೊತ್ತ ಆರು ಜನರ ಹೆಸರು ಅದರ ಕೆಳಗಿದೆ. ಮೊದಲ ಹೆಸರು ತೋಟಕ್ಕೆ ಹೋಗುವ ಆ ತಾಯಿಯದು. ಪೂರ್ತಿ ರಿಪೇರಿಯ ಅರ್ಜಿಯ ಹೊಸ ಪ್ರತಿಯೂ ಹೋಗಿದೆ. ಅದರ ಸ್ವೀಕೃತಿ ಚೀಟಿ ಅದೇ ನೋಟ್‌ಬುಕ್ಕಿನಲ್ಲಿ ಪಿನ್ ಮಾಡಿದ್ದೇವೆ.

ಮಗಳು ಈಗ ನಾಲ್ಕನೇ ಕ್ಲಾಸು, ಪಕ್ಕದ ಕೋಣೆಯಲ್ಲಿ ಬೆಂಚಿನ ಮೇಲೆ ಕೂರುತ್ತಾಳೆ. ಹೋದ ವಾರ ಇನ್ನೊಂದು ನವಿಲು ಬರೆದು ಚಿಕ್ಕ ಮಕ್ಕಳ ಚಪ್ಪರಕ್ಕೆ ಕಟ್ಟಿ ಬಂದಿದ್ದಾಳೆ.